ಚರಗದ ದಿನ ತೆಗೆದ ಫೋಟೋ

ಇಂಡಿ ಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಿದ್ದಂತೆ ಒಬ್ಬಾಕೆ ಸುಲಗಾಯಿಯ ಸಿವುಡನ್ನು ಮುಖದ ಮುಂದೆ ಹಿಡಿದಳು. ಬುಡಸಮೇತ ಕಿತ್ತ ಹಸಿ ಕಡಲೆ ಗಿಡ, ಬೇರಿನಲ್ಲಿ ಇನ್ನೂ ಕರಿಮಣ್ಣಿತ್ತು. ಬೇಡವೆನ್ನುವಷ್ಟರಲ್ಲಿ ಕೈ ಮುಂದೆ ಹೋಗಿತ್ತು. ಎರಡು ಕಾಯಿ ಸುಲಿದು ಬಾಯಿಗೆ ಹಾಕಿಕೊಂಡೆ. ಎಲೆಯ ಮೇಲಿನ ಹುಳಿ ಬೆರಳಿಗೆ ಹತ್ತಿತು. ಕಡಲೆ ಹೊಲದಲ್ಲಿ ಅಡ್ಡಾಡಿ ಬಂದರೆ ಸೀರೆಯ ನೆರಿಗೆಗೆಲ್ಲ ಹತ್ತುತ್ತಿದ್ದ ಹುಳಿ ಅದು. ಅಲ್ಲೇ ಕಲ್ಲಿನ ಕಟ್ಟೆಯ ಮೇಲೆ ಕೂತುಬಿಟ್ಟೆ.

ನಾನು ಆ ದಿನ ಸಿಂದಗಿಯಿಂದ ಬಂದದ್ದು ಮದುವೆಗೂ ಅಲ್ಲ, ಮಾತಾಡಿಸಿಕೊಂಡು ಹೋಗುವುದಕ್ಕೂ ಅಲ್ಲ. ಚೀಲದಲ್ಲಿ ಒಂದು ಕಾಗದವಿತ್ತು, ಅದನ್ನು ಒಬ್ಬಳಿಗೆ ಮುಟ್ಟಿಸಬೇಕಿತ್ತು. ಅದು ಯಾಕೆಂದು ಹೇಳಬೇಕಾದರೆ, ಈ ತಾಲೂಕಿನ ಒಂದು ರೈತ ಸಂಪರ್ಕ ಕೇಂದ್ರದಲ್ಲಿ ನಾನು ಸಹಾಯಕ ಕೃಷಿ ಅಧಿಕಾರಿಯಾಗಿ ಕಳೆದ ಕಡೆಯ ಹಿಂಗಾರಿಯ ಕತೆ ಹೇಳಬೇಕು. ಹೇಳಲು ಮನಸ್ಸಿಲ್ಲ. ಹೇಳದೆ ಇದ್ದು ನೋಡಿದ್ದೇನೆ, ಅದರಿಂದ ಏನೂ ಆಗಲಿಲ್ಲ.

ನಮ್ಮ ಕೇಂದ್ರದಲ್ಲಿ ಬೀಜ, ತಾಡಪತ್ರಿ, ಔಷಧ ಹೊಡೆಯುವ ಪಂಪು, ನೀರು ಚಿಮ್ಮುವ ಪೈಪಿನ ಸೆಟ್ಟು ಎಲ್ಲ ಸರ್ಕಾರದ ಸಹಾಯಧನದಲ್ಲಿ ರೈತರಿಗೆ ಸಿಗುತ್ತಿತ್ತು. ರೈತರು ಎಂದರೆ ಉತಾರದಲ್ಲಿ, ಅಂದರೆ ಜಮೀನಿನ ದಾಖಲೆಯಲ್ಲಿ, ಹೆಸರಿದ್ದವರು. ನನ್ನ ಪಟ್ಟಿಯ ರೈತರಲ್ಲಿ ಪುಣೆಯಲ್ಲಿ ಔಷಧದ ಅಂಗಡಿ ಇಟ್ಟವರಿದ್ದರು, ಸೊಲ್ಲಾಪುರದಲ್ಲಿ ವಕೀಲಿ ಮಾಡುವವರಿದ್ದರು, ಎತ್ತಿನ ಹಗ್ಗ ಯಾವ ಕೈಯಲ್ಲಿ ಹಿಡಿಯಬೇಕೆಂದು ತಿಳಿಯದವರಿದ್ದರು. ತೀರಿಕೊಂಡು ಹತ್ತು ವರ್ಷವಾದರೂ ಹೊಲ ಮಕ್ಕಳ ಹೆಸರಿಗೆ ವಾರಸಾ ಆಗದೆ ರೈತರಾಗಿಯೇ ಉಳಿದವರೂ ಇದ್ದರು. ಕಾಲಿಗೆ ಎರೆಮಣ್ಣು ಮೆತ್ತಿಕೊಂಡು ಕೇಂದ್ರದ ಬಾಗಿಲಿಗೆ ಬಂದವರನ್ನು ನಾನು ಮೊದಲು ಕೇಳುತ್ತಿದ್ದದ್ದು ಒಂದೇ ಮಾತು, ಉತಾರ ಯಾರ ಹೆಸರಲ್ಲಿದೆ ಅಂತ. ಅರ್ಧ ಮಂದಿ ಆ ಮಾತಿಗೇ ಹಿಂದಿರುಗುತ್ತಿದ್ದರು.

ಶಾವಂತ್ರೆವ್ವ ಹಿಂದಿರುಗಲಿಲ್ಲ. ನಲವತ್ತರ ಹತ್ತಿರದ ಗಟ್ಟಿ ಹೆಂಗಸು. ಹಲಸಂಗಿಯಿಂದಾಚೆಗಿನ ಒಂದು ಹಳ್ಳಿಯವಳು, ಊರ ಹೆಸರು ಇಲ್ಲಿ ಬೇಡ. ಗಂಡ ಸುಗ್ಗಿಯ ನಾಲ್ಕೈದು ತಿಂಗಳು ಮಹಾರಾಷ್ಟ್ರದಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೊಡೆಯಲು ಹೋಗುತ್ತಿದ್ದ. ಹೊಲದ ಕೆಲಸವೆಲ್ಲ ಇವಳದೇ.

"ಉತಾರ ಮಾಸ್ತರ ಹೆಸರ್ಲೆ ಐತ್ರಿ ಅಕ್ಕಾರ. ಹೊಲಾ ನಾ ಮಾಡ್ತೇನಿ. ಹನ್ನೊಂದು ವರ್ಷ ಆತ್ರಿ."

"ಲಾವಣಿಗೇನು?"

"ಹೌದ್ರಿ."

"ಕಾಗದಾ ಪತ್ರ?"

ಅವಳು ನಕ್ಕಳು. ನಾನು ಕೇಳಬಾರದ್ದನ್ನು ಕೇಳಿದ್ದೆ. ಇಷ್ಟು ವರ್ಷಕ್ಕೆ ಇಷ್ಟು ಎಂದು ಮಾತಾಡಿಕೊಂಡು ಇನ್ನೊಬ್ಬರ ಹೊಲ ಮಾಡುವ ಲಾವಣಿ ನಮ್ಮ ಕಡೆ ಬಾಯಿಮಾತಿನ ಮೇಲೇ ನಡೆಯುತ್ತದೆ. ಕುಳಕಾಯ್ದೆ ಬಂದಾಗ ಉಳುವವರ ಹೆಸರಿಗೆ ಹೊಲ ಹೋದದ್ದನ್ನು ಕಂಡ ಮನೆತನಗಳು ಅಂದಿನಿಂದ ಲಾವಣಿಯನ್ನು ಕಾಗದಕ್ಕೆ ಇಳಿಸುವುದೇ ಇಲ್ಲ. ಹೊಲದೊಡೆಯರಾದ ಗುರುಪಾದಪ್ಪ ಮಾಸ್ತರು ನಿವೃತ್ತಿಯಾಗಿ ವಿಜಯಪುರದಲ್ಲಿದ್ದರು. ಮೆತ್ತಗಿನ ಮಾತಿನ ಮನುಷ್ಯ. ಶಾವಂತ್ರೆವ್ವನೇ ಅವರನ್ನು ಒಪ್ಪಿಸಿ ಪೈಪಿನ ಅರ್ಜಿಗೆ ಸಹಿ ಹಾಕಿಸಿಕೊಂಡು ಬಂದಳು. ಸೆಟ್ಟು ಮಾಸ್ತರ ಹೆಸರಿಗೆ. ರೈತರು ತುಂಬಬೇಕಾದ ಪಾಲನ್ನು ಅವಳು ಎರಡು ಆಡು ಮಾರಿ ತುಂಬಿದಳು.

ಆ ವರ್ಷ ಉತ್ತರಿ ಮಳೆ ಹೊಡೆದು ಸುರಿಯಿತು, ಅಷ್ಟೇ. ಹಸ್ತ, ಚಿತ್ತಿ ಎರಡೂ ಮೋಡ ತೋರಿಸಿ ಹೋದವು. ಕಡಲೆ ಹುಟ್ಟಿದ್ದು ಚೆನ್ನಾಗಿಯೇ ಹುಟ್ಟಿತು, ಆಮೇಲೆ ಎರೆ ಬಾಯಿ ಬಿಡತೊಡಗಿತು. ಬಿರುಕಿನಲ್ಲಿ ಅಂಗೈ ಇಳಿಸಬಹುದಿತ್ತು. ಮೂಡಣದ ಒಣಗಾಳಿ ಬೆಳಿಗ್ಗೆಯಿಂದ ಸಂಜೆಯವರೆಗೆ ಬೀಸುತ್ತಿತ್ತು. ಸುತ್ತಲಿನ ಹೊಲಗಳಲ್ಲಿ ಗಿಡ ಗೇಣುದ್ದಕ್ಕೇ ನಿಂತು ಕೆಂಪಗಾದವು. ಶಾವಂತ್ರೆವ್ವನ ಪೈಪು ಹೂ ಬಿಡುವ ಹೊತ್ತಿಗೆ ಸರಿಯಾಗಿ ಬಂದವು. ಬಾವಿಯಲ್ಲಿ ನೀರಿತ್ತು. ಒಬ್ಬಳೇ ಆ ಪೈಪುಗಳನ್ನು ಹೆಗಲ ಮೇಲೆ ಹೊತ್ತು ದಿನಕ್ಕೊಂದು ಕಡೆ ಜೋಡಿಸಿ ನೀರು ಬಿಟ್ಟಳು. ಆ ಬಯಲಿನಲ್ಲಿ ಹಸಿರಾಗಿ ಉಳಿದದ್ದು ಅದೊಂದೇ ಹೊಲ.

ಪೈಪು ಕೊಟ್ಟರೆ ನಮ್ಮ ಕೆಲಸ ಮುಗಿಯುತ್ತಿರಲಿಲ್ಲ. ಫಲಾನುಭವಿ ತನ್ನ ಹೊಲದಲ್ಲಿ, ಜೋಡಿಸಿದ ಸೆಟ್ಟಿನ ಮುಂದೆ ನಿಂತಿರುವ ಫೋಟೋ ತೆಗೆದು ಫೋನಿನ ಆ್ಯಪಿಗೆ ಏರಿಸಬೇಕು. ಯಾವ ಜಾಗ, ಯಾವ ಹೊತ್ತು ಎಂಬುದು ಅದರ ಮೇಲೆ ತಾನೇ ಬೀಳುತ್ತದೆ. ಊರಲ್ಲೇ ಇರದ ಫಲಾನುಭವಿಯನ್ನು ಹೊಲದಲ್ಲಿ ಹುಡುಕುವುದು ಹೇಗೆ? ಅದಕ್ಕೆ ನಾನು ಕಂಡುಕೊಂಡ ಉಪಾಯ ಎಳ್ಳಮಾವಾಸ್ಯೆ. ಆ ದಿನ ಎಂಥ ಪೇಟೆಯ ಮಂದಿಯೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಬರುತ್ತಾರೆ. ಮಾಡಿ ತಂದ ಅಡಿಗೆಯನ್ನು ಭೂಮಿತಾಯಿಗೆಂದು ಹೊಲದಲ್ಲಿ ಎರಚಿ, ಅಂದರೆ ಚರಗ ಚೆಲ್ಲಿ, ಉಂಡು, ಗಿಡದ ನೆರಳಲ್ಲಿ ಹೊರಳಾಡಿ ಸಂಜೆ ಕಾರು ಹತ್ತುತ್ತಾರೆ. ವರ್ಷದಲ್ಲಿ ಆ ಒಂದು ದಿನ ಉತಾರದ ರೈತರು ಹೊಲದಲ್ಲಿ ಸಿಗುತ್ತಾರೆ. ಫೋಟೋಗಳನ್ನೆಲ್ಲ ನಾನು ಅದೇ ದಿನಕ್ಕೆ ಇಟ್ಟುಕೊಳ್ಳುತ್ತಿದ್ದೆ. ಬೇರೆ ಕೇಂದ್ರದವರಿಗೂ ಈ ಉಪಾಯ ಹೇಳಿಕೊಟ್ಟು ಬೀಗಿದ್ದೆ.

ನಾನು ಹೋದಾಗ ಶಾವಂತ್ರೆವ್ವ ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರನ್ನು ಕೂರಿಸಿದ್ದಳು. ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಯ, ಶೇಂಗಾ ಹೋಳಿಗೆ, ಎಣ್ಣೆಗಾಯಿ ಬದನೆಕಾಯಿ. ಮಾಸ್ತರ ಮನೆಮಂದಿ ಬರುತ್ತಾರೆಂದು ಅವರಿಗೂ ಸೇರಿಸಿ ಮಾಡಿಕೊಂಡು ಬಂದಿದ್ದಳು. ಆದರೆ ಮಾಸ್ತರ ಫೋನು ಬಂತು.

"ಮೇಡಂ, ಮನ್ಯಾಗ ಬೀಗರು ಬಂದಾರ್ರಿ. ಹೊತ್ತ ಮುಣುಗೂದ್ರಾಗ ಬರ್ತೇನಿ. ಚರಗಾ ಚಲ್ಲಂತ ಹೇಳ್ರಿ ಆಕಿಗೆ."

ನಾನು ಇನ್ನೂ ನಾಲ್ಕು ಹೊಲ ನೋಡಬೇಕಿತ್ತು. ತಲೆ ಬಿಸಿಯಾಯಿತು. ಶಾವಂತ್ರೆವ್ವನದು ಬೇರೆಯೇ ಚಿಂತೆ. ಚರಗ ಚೆಲ್ಲುವವರ ಹಿಂದೆ ಒಬ್ಬರು ತಂಬಿಗೆಯಿಂದ ನೀರು ಚಿಮುಕಿಸುತ್ತ ಬರಬೇಕು.

"ಅಕ್ಕಾರ, ಹಿಂದ ನೀರು ಹಾಕಾಕ ಯಾರೂ ಇಲ್ರಿ. ನೀವು ಬರ್ತೀರೇನು?"

ಚಪ್ಪಲಿ ಬಿಟ್ಟು ತಂಬಿಗೆ ಹಿಡಿದು ಹೊರಟೆ. ಅವಳು ಮುಂದೆ ಬುಟ್ಟಿ ಸೊಂಟಕ್ಕಿಟ್ಟುಕೊಂಡು ವಾಡಿಕೆಯ ಕೂಗು ಹಾಕುತ್ತ ಚರಗ ಚೆಲ್ಲಿದಳು, ಹಿಂದೆ ನಾನು ನೀರು ಹಾಕಿದೆ. ಹೊಲದ ನಾಲ್ಕೂ ಅಂಚು ಸುತ್ತಿದೆವು. ಚಿಮ್ಮುವ ನೀರಿನ ಹನಿ ಬಿಸಿಲಿಗೆ ಮುಖದ ಮೇಲೆ ಬೀಳುತ್ತಿತ್ತು. ಮೂವತ್ತು ವರ್ಷ ಕೃಷಿ ಇಲಾಖೆಯಲ್ಲಿದ್ದವಳಿಗೆ ಹೊಲದಲ್ಲಿ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. ಕೊನೆಯ ಅಂಚಿಗೆ ಬಂದಾಗ ತಂಬಿಗೆ ಕೆಳಗಿಟ್ಟು ಫೋನು ತೆಗೆದೆ. ಅವಳು ಕೈಯೆತ್ತಿ ಚರಗ ಎಸೆಯುತ್ತಿದ್ದಳು, ಹಿಂದೆ ಪೈಪು ನೀರು ಚಿಮ್ಮುತ್ತಿತ್ತು. ಒಂದು ಫೋಟೋ ತೆಗೆದೆ. ಹೊಲದಲ್ಲಿ ರೈತರು ನಿಂತಿರಬೇಕು ಎಂಬುದು ನಿಯಮ, ನಿಂತಿದ್ದವಳು ಅವಳೇ. ತಾಲೂಕಿನಲ್ಲಿ ಸಾವಿರ ಫೋಟೋ ಬರುತ್ತವೆ, ಯಾರು ಕಣ್ಣಿಟ್ಟು ನೋಡುತ್ತಾರೆ ಅಂದುಕೊಂಡು ಅದನ್ನೇ ಏರಿಸಿಬಿಟ್ಟೆ. ಉಂಡು ಮುಂದಿನ ಹೊಲಕ್ಕೆ ಹೋದೆ.

ಕಣ್ಣಿಟ್ಟು ನೋಡಿದರು. ಎಂಟು ದಿನಕ್ಕೆ ಫೋಟೋ ಹಿಂದೆ ಬಂತು, ಚಿತ್ರದಲ್ಲಿರುವವರು ಫಲಾನುಭವಿ ಅಲ್ಲವೆಂದು. ಅದೇ ಸಂದೇಶ ಮಾಸ್ತರ ಫೋನಿಗೂ ಹೋಗಿತ್ತು. ಮರುದಿನವೇ ಅವರು ಕೇಂದ್ರಕ್ಕೆ ಬಂದರು. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆನೇನೋ. ಅವರು ಕುರ್ಚಿಯ ತುದಿಯಲ್ಲಿ ಕೂತು ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡರು.

"ಮೇಡಂ, ನಮ್ಮ ಕಾಕಾರ ಹೊಲ ಕುಳಕಾಯ್ದೆದಾಗ ಹೋತ್ರಿ. ಒಂದ ಒಂದು ಕಾಗದದಾಗ ಹೊಲಾ ಮಾಡಾಂವನ ಹೆಸರಿತ್ತು, ಅಷ್ಟ. ಕಾಕಾ ಅದ ಕೊರಗಿನಾಗ ಸತ್ರು. ಈಗ ನೀವು ಹೆಸರಲ್ಲ, ಫೋಟೋನ ಕೊಟ್ಟೀರಲ್ಲ ಸರಕಾರಕ್ಕ."

"ಆಕಿ ಅಂಥಾಕಿ ಅಲ್ರಿ ಮಾಸ್ತರ."

"ಹನ್ನೊಂದು ವರ್ಷದಿಂದ ನಾನೂ ಹಂಗ ಅನ್ಕೊಂಡೇನ್ರಿ. ಆದ್ರ ನನಗ ಇನ್ನ ನಿದ್ದಿ ಹತ್ತೂದಿಲ್ಲ."

ತಾಲೂಕು ಕಚೇರಿಯಿಂದ ಸಮಜಾಯಿಷಿ ಕೇಳಿ ನೋಟೀಸು ಬಂತು. ನನ್ನ ನಿವೃತ್ತಿಗೆ ಎಂಟು ತಿಂಗಳಿತ್ತು. ಆ ಎಂಟು ತಿಂಗಳಲ್ಲಿ ಒಂದು ಕಪ್ಪು ಚುಕ್ಕೆ ಬಿದ್ದರೂ ಪಿಂಚಣಿಯ ಕಡತ ಎಲ್ಲೆಲ್ಲಿ ನಿಲ್ಲುತ್ತದೆಂದು ನನಗೆ ಗೊತ್ತಿತ್ತು. ಹೊಲವನ್ನು ಬೇರೆಯವರು ಮಾಡುತ್ತಾರೆಂದು ಬರೆದರೆ ಸೆಟ್ಟು ಕೊಟ್ಟದ್ದೇ ತಪ್ಪಾಗುತ್ತಿತ್ತು. ಅರ್ಧ ತಾಸಿನಲ್ಲಿ ಬರೆದು ಮುಗಿಸಿದೆ. "ಛಾಯಾಚಿತ್ರದಲ್ಲಿರುವ ಮಹಿಳೆಯು ಸದರಿ ಜಮೀನಿನಲ್ಲಿ ದಿನಗೂಲಿ ಕೆಲಸ ಮಾಡುವವಳಾಗಿದ್ದು, ಕಣ್ತಪ್ಪಿನಿಂದ ಆಕೆಯ ಚಿತ್ರ ಸೇರಿರುತ್ತದೆ." ಮಾಸ್ತರು ತಮಗೊಂದು ಪ್ರತಿ ಬೇಕೆಂದರು. ಸಹಿಯ ಪಕ್ಕ ಕಚೇರಿಯ ಶಿಕ್ಕಾ, ಅಂದರೆ ಮೊಹರು, ಹೊಡೆದು ಕೊಟ್ಟೆ. ಒಂದು ಕೆಲಸ ಮುಗಿಯಿತೆಂದು ನಿರಾಳವಾಗಿ ಚಹಾ ತರಿಸಿಕೊಂಡೆ.

ಹೊಸ ಫೋಟೋ ತೆಗೆಯಲು ಮಾಸ್ತರ ಜೊತೆ ಹೊಲಕ್ಕೆ ಹೋದೆ. ಅಲ್ಲಿ ಶಾವಂತ್ರೆವ್ವ ಪೈಪು ಜೋಡಿಸಿ ನೀರು ಬಿಟ್ಟು ಕಾಯುತ್ತಿದ್ದಳು. ಮಾಸ್ತರು ಪೈಪಿನ ಮುಂದೆ ನಿಂತು ಟೋಪಿ ಸರಿಮಾಡಿಕೊಂಡರು. ಅವಳು ಅವರ ಹಿಂದೆ, ಸ್ವಲ್ಪ ದೂರದಲ್ಲಿ ನಿಂತಿದ್ದಳು.

"ನಾ ಸರೀಲೇನ್ರಿ ಅಕ್ಕಾರ?"

"ಹೂಂ, ಆ ಕಡಿಗೆ ಸರಿ."

ಸರಿದಳು. ನಾನು ಫೋನಿನಲ್ಲಿ ನೋಡಿದೆ. ಸೀರೆಯ ಅಂಚು ಇನ್ನೂ ಕಾಣುತ್ತಿತ್ತು.

"ಇನ್ನ ಸರೀಲೇನ್ರಿ?"

"ಇನ್ನೊಂದೀಟು."

ಬಯಲು ಹೊಲ, ಮರೆಯಾಗಲು ಅಲ್ಲಿ ಒಂದು ಗೋಡೆಯೂ ಇಲ್ಲ. ಎಷ್ಟು ಸರಿದರೂ ಅವಳು ಎಲ್ಲೋ ಒಂದು ಮೂಲೆಯಲ್ಲಿ ಬೀಳುತ್ತಿದ್ದಳು. ಕೇಳುತ್ತ, ಸರಿಯುತ್ತ, ಕಡಲೆ ತುಳಿಯದಂತೆ ಕಾಲೆತ್ತಿಡುತ್ತ, ಕೊನೆಗೆ ಬದು ದಾಟಿ ಪಕ್ಕದ ಹೊಲದಲ್ಲಿ ನಿಂತಳು. ಆಗ ಫೋಟೋ ಸರಿಯಾಗಿ ಬಂತು. ಎರಡೇ ದಿನಕ್ಕೆ ಒಪ್ಪಿಗೆಯೂ ಬಂತು.

ಹದಿನೈದು ದಿನ ಕಳೆದಿರಬೇಕು. ಮಧ್ಯಾಹ್ನ ಶಾವಂತ್ರೆವ್ವ ಕೇಂದ್ರಕ್ಕೆ ಬಂದಳು. ಬಂದವಳು ಕೂರಲಿಲ್ಲ.

"ಅಕ್ಕಾರ, ಮಾಸ್ತರು ಬೆಳಿ ಬಿಟ್ಟು ಹೋಗು ಅಂತಾರ್ರಿ. ನೀ ಕೂಲಿಯಾಕಿ, ಕೂಲಿ ತೊಗೊ, ಹೊಲದಾಗ ಕಾಲ ಇಡಬ್ಯಾಡ ಅಂದ್ರು. ಊರ ಹಿರ್ಯಾರ ಕಡಿಗೆ ಹೋದ್ನಿ. ಅವ್ರು ಒಂದು ಕಾಗದ ತೋರ್ಸಿದ್ರು. ಸರಕಾರದ ಕಾಗದದಾಗ ನೀ ಕೂಲಿಯಾಕಿ ಅಂತ ಐತಿ, ನಾವೇನ ಮಾಡೂನವಾ ಅಂದ್ರು."

ಅದು ನಾನು ಮಾಸ್ತರಿಗೆ ಕೊಟ್ಟ ಪ್ರತಿ. ಅವಳಿಗೆ ಓದು ಬರುವುದಿಲ್ಲ, ಅದನ್ನು ಬರೆದವರು ಯಾರೆಂದು ತಿಳಿದಿಲ್ಲ ಎಂದು ಎಣಿಸಿ ಸಮಾಧಾನ ಮಾಡಿಕೊಂಡೆ.

"ಹಿರ್ಯಾರಿಗೆ ಗೊತ್ತಿಲ್ಲೇನು, ಹೊಲಾ ಮಾಡಾಕಿ ನೀನ ಅಂತ?"

"ಊರಿಗೆಲ್ಲಾ ಗೊತ್ತೈತ್ರಿ. ಮಾಸ್ತರ ಮುಂದ ಹೇಳಾಕ ಯಾರೂ ಒಲ್ಲರ್ರಿ. ನೀವು ಕಣ್ಣಾರೆ ಕಂಡೀರಿ. ಚರಗಾ ಚಲ್ಲುಮುಂದ ನನ್ನ ಹಿಂದ ನೀರು ಹಾಕೀರಿ. ಈಕಿನ ಬಿತ್ತ್ಯಾಳ, ಈಕಿನ ಹೊಲಾ ಮಾಡತಾಳ ಅಂತ ನಾಕು ಅಕ್ಷರ ಬರದು ಕೊಡ್ರಿ. ಈ ಬೆಳಿ ಕೈಗೆ ಬರ್ಲಿ, ಮುಂದ ಹೊಲಾ ಬಿಡ ಅಂದ್ರ ಬಿಡ್ತೇನಿ."

ಅವಳು ಕೇಳಿದ್ದು ಹೊಲವನ್ನಲ್ಲ. ತಾನು ಬಿತ್ತಿ, ತಾನು ನೀರುಣಿಸಿ, ಇನ್ನು ಇಪ್ಪತ್ತು ದಿನಕ್ಕೆ ಕೀಳಬೇಕಾದ ಕಡಲೆಯನ್ನು. ನಾಲ್ಕು ಅಕ್ಷರ ಬರೆಯಲು ನನಗೆ ಎಷ್ಟು ಹೊತ್ತು ಬೇಕಿತ್ತು? ಆದರೆ ಅದು ನಾನೇ ಬರೆದ ಸಮಜಾಯಿಷಿಯನ್ನು ಸುಳ್ಳೆನ್ನುವ ಕಾಗದವಾಗುತ್ತಿತ್ತು.

"ಹೊಲಾ ಯಾರು ಮಾಡ್ತಾರ ಅನ್ನೂದನ್ನ ಕಂದಾಯದವ್ರು ಬರಕೊಡಬೇಕವಾ. ನಾವು ಬರಿಯಾಕ ಬರೂದಿಲ್ಲ."

"ಬರಿಯಾಕ ಬರೂದಿಲ್ಲೇನ್ರಿ?"

"ಬರೂದಿಲ್ಲ."

ಅವಳು ಹೊರಗಿನ ಬೆಂಚಿನ ಮೇಲೆ ಬಸ್ಸಿನ ಹೊತ್ತಾಗುವವರೆಗೆ ಕೂತಿದ್ದಳು. ಸಿಪಾಯಿ ದಸ್ತಗೀರ ನೀರು ಕೊಟ್ಟ, ಕುಡಿದಳು. ನಾನು ಕಿಟಕಿಯ ಕಡೆ ಬೆನ್ನು ಮಾಡಿ ಕೆಲಸ ಮಾಡಿದೆ.

ಕಡಲೆ ಕೀಳುವ ದಿನ ನಾನು ಅದೇ ದಾರಿಯಲ್ಲಿ ಲಚ್ಯಾಣದ ಕಡೆ ಹೊರಟಿದ್ದೆ. ಜೀಪಿನಿಂದ ಕಂಡಿತು. ಬೇರೆ ಊರಿನಿಂದ ಕರೆತಂದ ಆಳುಗಳು ಸಾಲುಹಿಡಿದು ಕೀಳುತ್ತಿದ್ದರು. ಪೈಪುಗಳನ್ನು ಟ್ರ್ಯಾಕ್ಟರಿಗೆ ಹೇರಿದ್ದರು, ಅವು ಮಾಸ್ತರ ಮಗನ ಲಿಂಬೆ ತೋಟಕ್ಕೆ ಹೋದವೆಂದು ಆಮೇಲೆ ಕೇಳಿದೆ. ಬದುವಿನ ಆಚೆ, ನಾನು ಸರಿಸಿ ನಿಲ್ಲಿಸಿದ್ದ ಜಾಗದಲ್ಲೇ ಶಾವಂತ್ರೆವ್ವ ನಿಂತಿದ್ದಳು. ಅಳುತ್ತಿರಲಿಲ್ಲ, ಬಯ್ಯುತ್ತಿರಲಿಲ್ಲ. ಜೀಪು ನಿಲ್ಲಿಸೆಂದು ನಾನು ಹೇಳಲಿಲ್ಲ.

ಆ ಎಂಟು ತಿಂಗಳು ಮುಗಿದು ನಿವೃತ್ತಿಯಾಯಿತು. ಶಾಲು ಹೊದಿಸಿದರು, ರೈತಸ್ನೇಹಿ ಅಧಿಕಾರಿ ಎಂದು ಭಾಷಣ ಮಾಡಿದರು. ಪಿಂಚಣಿ ಒಂದು ದಿನವೂ ತಡವಾಗಲಿಲ್ಲ. ಅಂದಿನಿಂದ ಸಿಂದಗಿಯ ಮನೆಯಲ್ಲಿದ್ದೇನೆ. ಆದರೆ ಯಾರಾದರೂ ಫೋಟೋಗೆಂದು ಫೋನೆತ್ತಿದರೆ ನನಗೆ ಆ ಮಾತು ಕೇಳಿಸುತ್ತದೆ. ಮೊಮ್ಮಗಳ ಹುಟ್ಟುಹಬ್ಬದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುವಾಗ, ಸ್ಪಷ್ಟವಾಗಿ, ಎಡಕಿವಿಯ ಹತ್ತಿರ, "ನಾ ಸರೀಲೇನ್ರಿ?" ತಿರುಗಿ ನೋಡಿದರೆ ಯಾರೂ ಇಲ್ಲ. ಕನ್ನೊಳ್ಳಿಯ ನಮ್ಮ ಹೊಲದಲ್ಲಿ ಒಂದು ಎಳ್ಳಮಾವಾಸ್ಯೆಗೆ ನಾದಿನಿಯ ಹಿಂದೆ ತಂಬಿಗೆ ಹಿಡಿದು ಹೊರಟೆ. ಹತ್ತು ಹೆಜ್ಜೆಗೆ ಮುಂದೆ ಹೋಗುತ್ತಿರುವ ಬೆನ್ನು ನಾದಿನಿಯದಲ್ಲ ಅನಿಸಿತು. ಬುಟ್ಟಿ ಹಿಡಿದ ಸೊಂಟ, ಎತ್ತಿದ ಕೈ, ಎಲ್ಲ ಶಾವಂತ್ರೆವ್ವನದೇ. ಅವಳು ಈಗ ತಿರುಗುತ್ತಾಳೆ ಅನಿಸಿ ತಂಬಿಗೆ ಕೈಜಾರಿತು. ಅಂದಿನಿಂದ ಚರಗಕ್ಕೆ ಹೋಗಿಲ್ಲ, ಮಂಡಿನೋವೆಂದು ನೆಪ ಹೇಳುತ್ತೇನೆ. ನಾಚಿಕೆಯಾಗುತ್ತದೆ ನಿಜ, ಅದಕ್ಕಿಂತ ಹೆಚ್ಚಾಗಿ ಭಯವಾಗುತ್ತದೆ. ಸತ್ತವರು ಕಾಡಿದರೆ ಏನೋ ಒಂದು ಶಾಂತಿ ಮಾಡಿಸಬಹುದು. ಇವಳು ಎಲ್ಲೋ ಬದುಕಿದ್ದು, ಉಂಡು, ದುಡಿದು, ನನ್ನನ್ನು ಕಾಡುತ್ತಿದ್ದಳು.

ಕೊನೆಗೆ ಒಂದು ಬೆಳಿಗ್ಗೆ ಕೂತು ಬರೆದೆ. ಇಂಥ ಊರಿನ ಇಂಥ ಹೊಲವನ್ನು ಹನ್ನೊಂದು ವರ್ಷ ಲಾವಣಿಗೆ ಮಾಡಿದವಳು ಶಾವಂತ್ರೆವ್ವ, ಆ ವರ್ಷದ ಕಡಲೆ ಬಿತ್ತಿ ನೀರುಣಿಸಿದವಳು ಅವಳೇ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಕೂಲಿಯವಳೆಂದು ಮೊದಲು ಬರೆದದ್ದು ಸುಳ್ಳು. ಕೆಳಗೆ ಸಹಿ ಮಾಡಿದೆ. ದಸ್ತಗೀರನಿಗೆ ಫೋನು ಮಾಡಿದೆ. ಅವಳು ಇಂಡಿಯಲ್ಲೇ ಇದ್ದಾಳೆ, ಲಿಂಬೆ ಮಾರ್ಕೆಟ್ಟಿನಲ್ಲಿ ಕಾಯಿ ಆರಿಸುತ್ತಾಳೆ ಅಂದ.

ಬಸ್ ಸ್ಟ್ಯಾಂಡಿನ ಕಟ್ಟೆಯಿಂದ ಎದ್ದು ಅಲ್ಲಿಗೆ ಹೋದೆ. ಲಿಂಬೆಯ ರಾಶಿಯ ಸುತ್ತ ಏಳೆಂಟು ಹೆಂಗಸರು ಕೂತು ದೊಡ್ಡದು, ಸಣ್ಣದು, ಹಣ್ಣು, ಕಾಯಿ ಎಂದು ಬೇರೆ ಮಾಡುತ್ತಿದ್ದರು. ಅವಳೇ ಮೊದಲು ನನ್ನ ಗುರುತು ಹಿಡಿದಳು.

"ಬರ್ರಿ ಅಕ್ಕಾರ. ಯಾವಾಗ ಬಂದ್ರಿ? ಭಾಳ ಸೊರಗೀರಿ."

ಗೋಣಿಚೀಲ ಹಾಸಿಕೊಟ್ಟಳು. ಕಾಗದ ತೆಗೆದು, "ಆವತ್ತು ನೀ ಕೇಳಿದ್ದು ಬರದೇನಿ" ಅಂದೆ. ಓದಿರಿ ಅಂದಳು. ಓದಿದೆ. ಸುಳ್ಳು ಎಂಬ ಮಾತನ್ನೂ ಓದಿದೆ. ಉಳಿದ ಹೆಂಗಸರ ಕೈಯೂ ನಿಂತಿತ್ತು. ಅವಳು ಸೆರಗಿಗೆ ಕೈ ಒರೆಸಿಕೊಂಡು ಕಾಗದ ಇಸಿದುಕೊಂಡಳು. ಹಿಂದೆ ಮುಂದೆ ತಿರುಗಿಸಿ, ಸಹಿಯ ಪಕ್ಕದ ಖಾಲಿ ಜಾಗದ ಮೇಲೆ ಹೆಬ್ಬೆರಳಾಡಿಸಿದಳು.

"ಶಿಕ್ಕಾ ಹೊಡದಿಲ್ಲೇನ್ರಿ ಇದಕ್ಕ?"

"ರಿಟೈರ್ ಆಗೇನವಾ. ಶಿಕ್ಕಾ ಈಗ ನನ್ನ ಹತ್ರ ಇರೂದಿಲ್ಲ."

"ಆ ಕಾಗದಕ್ಕ ಇತ್ರಿ. ಹಿರ್ಯಾರು ತೋರ್ಸಿದ್ದಕ್ಕ. ದುಂಡಂದು, ನೀಲಿದು. ಪೈಪಿನ ಅರ್ಜಿಗೆ ನೀವು ಹೊಡಿಯೂದು ನೋಡಿದ್ನಲ್ಲಾ, ಅದ ಶಿಕ್ಕಾ."

"ನಾನ ಬರದದ್ದು ಅಂತ ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ. ಬರದವ್ರ ಹೊಡದ ಹಾಕಬೇಕಲ್ರಿ ಅದನ್ನ. ಅದಕ್ಕ ಬ್ಯಾರೆ ಯಾರ ಕಡಿಗೂ ಹೋಗ್ಲಿಲ್ಲ, ನಿಮ್ಮ ಕಡಿಗೇ ಬಂದಿದ್ನಿ."

ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ನನ್ನ ಕೈಗೆ ಕೊಟ್ಟು, ಅವಳು ಮತ್ತೆ ಲಿಂಬೆ ಆರಿಸತೊಡಗಿದಳು.